ಗೋಡೆ ಮೇಲಿನ ಹಸಿರೆಲ್ಲ ಪಾಚಿಯಲ್ಲ

ಮಾನ್ಯ ಸಂಪಾದಕರೆ,

ಜೂನ್ ಕಾಲಿಟ್ಟರೆ ಸಾಕು, ಕನ್ನಡ ಪತ್ರಿಕೆಗಳಲ್ಲಿ ‘ಪಾಚಿ’ಗೆ ಬಿಡುವಿಲ್ಲ. ಪಾಚಿಗಟ್ಟಿದ ಮೆಟ್ಟಿಲಲ್ಲಿ ಜಾರಿ ಬಿದ್ದವರ ಸುದ್ದಿ, ಪಾಚಿ ಹಿಡಿದ ಕೋಟೆಗೋಡೆಯ ಚಿತ್ರ, ಕೆರೆ ತುಂಬ ಪಾಚಿ, ಅಡಿಕೆ ಮರಕ್ಕೆ ಪಾಚಿ, ಆಗುಂಬೆಯ ಕಾಡಿನಲ್ಲಿ ಕೊಂಬೆಯಿಂದ ಗಡ್ಡದಂತೆ ಇಳಿಬಿದ್ದ ಪಾಚಿ. ಹೆಸರೇನೋ ಒಂದೇ, ಜೀವಗಳು ಮಾತ್ರ ನಾಲ್ಕು ಬಗೆ. ಒಂದು ಬ್ಯಾಕ್ಟೀರಿಯಾ, ಒಂದು ಶೈವಲ (ಆಲ್ಗೆ), ಇನ್ನೊಂದು ಶಿಲೀಂಧ್ರ ಮತ್ತು ಶೈವಲ ಕೂಡಿ ಹೂಡಿದ ಸಂಸಾರ, ಉಳಿದದ್ದು ಕಾಂಡ, ಎಲೆ ಎರಡೂ ಇರುವ ಗಿಡ. ಈ ಕೊನೆಯದಕ್ಕೆ, ಇಂಗ್ಲಿಷಿನ ‘ಮಾಸ್’ಗೆ, ಕನ್ನಡದಲ್ಲಿ ಹಾವಸೆ ಎಂಬ ಹೆಸರಿದೆ. ಆ ಹೆಸರನ್ನು ಅದಕ್ಕೇ ಮೀಸಲಿಡಬೇಕೆಂದು ಕೇಳಿಕೊಳ್ಳಲು ಈ ಪತ್ರ.

ಹಾವಸೆ ಎಂಬ ಪದವೂ ಅಷ್ಟೇನೂ ಕಟ್ಟುನಿಟ್ಟಾಗಿ ಬಳಕೆಯಾದದ್ದಲ್ಲ. ಹಳೆಯ ಬಳಕೆಯಲ್ಲಿ ನಿಂತ ನೀರಿನ ಮೇಲಿನ ಹಸಿರು ಪೊರೆಗೂ ಅದೇ ಮಾತು ಸಲ್ಲುತ್ತಿತ್ತು. ಆದರೆ ಶಾಲೆಯ ಪುಸ್ತಕಗಳು ‘ಹಾವಸೆ ಸಸ್ಯಗಳು’ ಎಂದೇ ಈ ಗುಂಪನ್ನು ಕರೆದು ರೂಢಿ ಮಾಡಿವೆ. ನೀರಿನ ಹಸಿರಿಗೆ ಪಾಚಿ ಅಥವಾ ಶೈವಲ ಇದೆ. ಶಿಲೀಂಧ್ರ ಮತ್ತು ಶೈವಲ ಕೂಡಿದ ಸಂಸಾರಕ್ಕೆ, ಅಂದರೆ ಮಸಾಲೆಗೆ ಹಾಕುವ ಕಲ್ಲುಹೂವಿನ ಬಳಗಕ್ಕೆಲ್ಲ, ಕಲ್ಲುಹೂವು ಎಂದರೆ ಯಾರಿಗೂ ತಿಳಿಯುತ್ತದೆ. ಮೂರು ಪದ ಕೈಯಲ್ಲಿರುವಾಗ ಒಂದರಲ್ಲೇ ಕಾಲ ತಳ್ಳುವುದೇಕೆ?

ಬೇರೆ ಮಾಡಿ ಗುರುತಿಸುವುದು ಕಷ್ಟವೂ ಅಲ್ಲ. ಬೇಕಾದದ್ದು ಹತ್ತು ಪಟ್ಟು ಹಿಗ್ಗಿಸುವ ಒಂದು ಪುಟ್ಟ ಮಸೂರ, ಚಿನ್ನದಂಗಡಿಯವರು ಕಣ್ಣಿಗೆ ಹಿಡಿಯುವಂಥದ್ದು. ಮಸೂರವನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ಗಿಡವನ್ನು ಅದರ ಮುಂದೆ ಎರಡೂವರೆ ಸೆಂಟಿಮೀಟರಿನಷ್ಟು ಹತ್ತಿರಕ್ಕೆ ತರಬೇಕು. ಹೆಚ್ಚಿನವರು ಸಿನಿಮಾದ ಪತ್ತೇದಾರನ ಹಾಗೆ ಕೈ ಚಾಚಿ ಮಸೂರ ಹಿಡಿಯುತ್ತಾರೆ, ಏನೂ ಕಾಣದೆ ಬೇಸರಪಟ್ಟು ಬಿಡುತ್ತಾರೆ.

ಮಲೆನಾಡಿನ ಯಾವುದಾದರೂ ಹಳೆಯ ಜಂಬಿಟ್ಟಿಗೆ ಗೋಡೆ ಸಾಕು, ನಾಲ್ಕೂ ಬಗೆ ಅಲ್ಲೇ ಸಿಗುತ್ತವೆ. ಮಳೆನೀರು ಇಳಿಯುವ ಜಾಡಿನಲ್ಲಿ ಇದ್ದಿಲು ಗೀಚಿದಂತೆ ಕಪ್ಪು ಪಟ್ಟಿಗಳಿರುತ್ತವೆ. ಒಣಗಿದಾಗ ಬಣ್ಣ ಬಳಿದಂತೆ ಕಾಣುವ ಅವು ನೆನೆದರೆ ಲೋಳೆಯಾಗುತ್ತವೆ. ಅವು ಸಯನೋಬ್ಯಾಕ್ಟೀರಿಯಾ, ಹಳೆಯ ಪುಸ್ತಕಗಳ ‘ನೀಲಿ-ಹಸಿರು ಶೈವಲ’. ಅವುಗಳ ಪಕ್ಕದಲ್ಲಿ ಕಿತ್ತಳೆ ಬಣ್ಣದ ಮಖಮಲ್ಲು ಹಚ್ಚಿದಂತಿರುವುದು ಟ್ರೆಂಟಿಪೋಲಿಯ. ಕುಲದಿಂದ ಅದು ಹಸಿರು ಶೈವಲವೇ. ಒಳಗೆ ತುಂಬಿಕೊಂಡ ಕ್ಯಾರೊಟೀನ್ ಹಸಿರನ್ನು ಮುಚ್ಚುವುದರಿಂದ ಕಿತ್ತಳೆಯಾಗಿ ಕಾಣುತ್ತದೆ, ಅಷ್ಟೆ. ಬೂದು ಅಥವಾ ಬೂದುಹಸಿರಿನ, ಅಂಚು ಸುರುಳಿಗಟ್ಟಿದ, ಚಪ್ಪಟೆಯಾಗಿ ಸುತ್ತಲೂ ಹರಡುವ ಪದರ ಕಲ್ಲುಹೂವು. ಅದರಲ್ಲಿ ಮಸೂರ ಹಿಡಿದರೂ ಎಲೆಯಾಗಲಿ ಕಾಂಡವಾಗಲಿ ಕಾಣದು. ಇವೆಲ್ಲವನ್ನೂ ಬಿಟ್ಟು, ಮಸೂರದಲ್ಲಿ ಒಂದೊಂದೂ ಪುಟಾಣಿ ಗಿಡವಾಗಿ, ನಡುಗಾಂಡದ ಸುತ್ತ ಎಲೆ ಜೋಡಿಸಿಕೊಂಡು ನಿಂತದ್ದು ಕಂಡರೆ ಅದು ಹಾವಸೆ.

ಈ ವ್ಯತ್ಯಾಸ ತಿಳಿಯದಿದ್ದರೆ ಮೊದಲು ನಷ್ಟವಾಗುವುದು ಅಂಗಳದಲ್ಲಿ. ಮಳೆಗಾಲದಲ್ಲಿ ಅಂಗಳ ಜಾರುವುದು ಬಹುಮಟ್ಟಿಗೆ ಶೈವಲ ಮತ್ತು ಸಯನೋಬ್ಯಾಕ್ಟೀರಿಯಾಗಳ ಲೋಳೆಯಿಂದ. ಅಡಿಕೆ ಸೋಗೆ ಹಾಸಿ, ದಬ್ಬೆ ಹಾಕಿ ನಡೆದಾಡುವ ಹಳೆಯ ಕ್ರಮ ಸರಿಯಾಗಿಯೇ ಇದೆ, ಅದು ಕಾಲಿಗೂ ಲೋಳೆಗೂ ನಡುವೆ ತಡೆ ಒಡ್ಡುತ್ತದೆ. ಲೋಳೆಗೆ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿ ತೊಳೆದರೆ ಸ್ವಲ್ಪ ದಿನ ನಿಶ್ಚಿಂತೆ. ಹಾವಸೆಗೆ ಅದೇ ಪುಡಿ ಹಾಕಿದರೆ ಮೇಲಿನ ಹಸಿರು ಬೆಳ್ಳಗಾಗಿ ಸತ್ತಂತೆ ಕಾಣುತ್ತದೆ, ಆದರೆ ಬುಡದ ತುಣುಕುಗಳೂ ಮಣ್ಣಿನಲ್ಲಿ ಹರಡಿದ ಎಳೆಗಳೂ ಉಳಿದು ಮುಂದಿನ ಮಳೆಗೆ ಮತ್ತೆ ಚಿಗುರುತ್ತವೆ. ಹಾವಸೆ ತೆಗೆಯಲೇಬೇಕೆಂದಿದ್ದರೆ ಬಿಸಿಲುಗಾಲದಲ್ಲಿ, ಮೆತ್ತೆ ಪೂರ್ತಿ ಒಣಗಿದಾಗ, ಕರಣೆಯ ತುದಿಯಿಂದ ಮಣ್ಣಿನ ಪದರದ ಸಮೇತ ಎಬ್ಬಿಸಿ ತೆಗೆಯಬೇಕು. ಆಮೇಲೆ ಅಲ್ಲಿಗೆ ನೀರು ಎಲ್ಲಿಂದ ಬರುತ್ತಿದೆ ಎಂದು ನೋಡಿ ಅದನ್ನು ತಪ್ಪಿಸಬೇಕು. ಒಡೆದ ದೋಣಿಹೆಂಚು ಹಾಗೆಯೇ ಇದ್ದರೆ ಏನು ಸುರಿದರೂ ದಂಡ. ಹಳೆಯ ಸುಣ್ಣದ ಗಾರೆಯ ಗೋಡೆಗೆ ಟಾಯ್ಲೆಟ್ ಆಸಿಡ್ ಎರಚುವವರಿದ್ದಾರೆ. ಹಾವಸೆಗಿಂತ ಮೊದಲು ಕರಗುವುದು ಗಾರೆ. ಆ ಆಸಿಡ್ಡಿಗೆ ಬ್ಲೀಚಿಂಗ್ ಪೌಡರ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಲ್ಲಿ ಜೀವಕ್ಕೇ ಅಪಾಯ.

ಅಡಿಕೆ, ತೆಂಗಿನ ಕಾಂಡದ ಮೇಲೆ ಬೆಳ್ಳಗೆ, ಮುಟ್ಟಿದರೆ ಪುಡಿಯಾಗುವಂಥ ಮೆತ್ತೆ ಬಹಳ ಜನ ನೋಡಿರುತ್ತಾರೆ. ‘ಮರದ ರಸ ಹೀರುತ್ತದೆ’ ಎಂದು ಅದನ್ನು ಕೆರೆದು ತೆಗೆಸುವವರೂ ಉಂಟು. ಅದು ಆಕ್ಟೋಬ್ಲೆಫಾರಮ್ ಆಲ್ಬಿಡಮ್ ಎಂಬ ಹಾವಸೆ. ಹೀರುವ ಬೇರೇ ಅದಕ್ಕಿಲ್ಲ. ಇರುವುದು ತೊಗಟೆಗೆ ಅಂಟಿಕೊಳ್ಳುವಷ್ಟಕ್ಕೇ ಆಗುವ ಕೂದಲಿನಂಥ ಎಳೆಗಳು. ನೀರು, ಲವಣ ಎಲ್ಲವೂ ಮಳೆಯಿಂದ, ಮಂಜಿನಿಂದ, ಗಾಳಿಯ ದೂಳಿನಿಂದ, ಎಲೆಯ ಮೈಯಿಂದಲೇ ಒಳಗೆ ಹೋಗುತ್ತವೆ. ಎಲೆಯ ಒಳಗೆ ಹಸಿರು ಕೋಶಗಳ ಒಂದು ಸಾಲು, ಅದರ ಮೇಲೂ ಕೆಳಗೂ ಸತ್ತು ಟೊಳ್ಳಾದ ಕೋಶಗಳ ಪದರ. ಆ ಟೊಳ್ಳಿನಿಂದಲೇ ಬಿಳಿ ಬಣ್ಣ. ಕೊಳೆರೋಗಕ್ಕೆಂದು ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣದ ಲೆಕ್ಕದಲ್ಲಿ ಹೊಡೆಯುವ ಬೋರ್ಡೋ ದ್ರಾವಣ ಕಾಂಡಕ್ಕೆ ಸೋರಿದಲ್ಲಿ ಹಾವಸೆಗೂ ಪೆಟ್ಟು ಬೀಳುತ್ತದೆ, ಏಕೆಂದರೆ ಮೈಯೆಲ್ಲ ಬಾಯಾಗಿರುವ ಜೀವಕ್ಕೆ ತಾಮ್ರ ತಡೆಯದು. ಅಷ್ಟಕ್ಕೆ ಹಾವಸೆ ಕೊಲ್ಲಲೆಂದೇ ಕಾಂಡಕ್ಕೆ ಮೈಲುತುತ್ತ ಹೊಡೆಯುವುದು ಮಾತ್ರ ಕಾಸಿನ ದಂಡ.

ಇನ್ನು ವರ್ಗೀಕರಣ. ಹಾವಸೆಯಲ್ಲಿ ಹೂವಿಲ್ಲ, ಬೀಜವಿಲ್ಲ. ಎಲೆ ಬಹುಪಾಲು ಒಂದೇ ಕೋಶದಷ್ಟು ದಪ್ಪ. ಹಾಗಾದರೆ ಒಂದರಿಂದ ಇನ್ನೊಂದನ್ನು ಬೇರೆ ಮಾಡುವುದು ಯಾವುದರಿಂದ? ಇನ್ನೂರು ವರ್ಷಗಳಿಂದ ಉತ್ತರ ಒಂದೇ: ಹಲ್ಲು ಎಣಿಸಿ.

ಘಟ್ಟದ ರಸ್ತೆ ಅಗಲ ಮಾಡುವಾಗ ಕಡಿದ ಮಣ್ಣಿನ ಧರೆಯನ್ನು ಮಳೆ ಹಿಂದಾದ ಮೇಲೆ ಹೋಗಿ ನೋಡಬೇಕು. ಬೆರಳುದ್ದದ, ಕಡುಹಸಿರಿನ, ಪುಟ್ಟ ತಾಳೆಮರಗಳ ತೋಪಿನಂತೆ ನಿಂತಿರುವುದು ಪೊಗೊನೇಟಮ್. ಅದರ ತುದಿಯಿಂದ ಕೂದಲೆಳೆಯಷ್ಟು ಸಪೂರವಾದ ಕಂದು ಕಡ್ಡಿ ಎದ್ದು, ಕಡ್ಡಿಯ ತಲೆಯಲ್ಲಿ ಹೊಂಬಣ್ಣದ ರೋಮವಿರುವ ಒಂದು ಕುಲಾವಿ ಇರುತ್ತದೆ. ಕುಲಾವಿಯನ್ನು ಉಗುರಿನಿಂದ ಮೆಲ್ಲಗೆ ಎತ್ತಿದರೆ ಒಳಗೊಂದು ಭರಣಿ, ಅದಕ್ಕೊಂದು ಚೂಪು ಮುಚ್ಚಳ. ಮುಚ್ಚಳ ತೆಗೆದು ಬಾಯಿಯನ್ನು ಮಸೂರದಲ್ಲಿ ನೋಡಿದರೆ ಅಂಚಿನ ಸುತ್ತ ಮೂವತ್ತೆರಡು ಗಿಡ್ಡ ಹಲ್ಲುಗಳು, ಅವುಗಳ ತುದಿಗೆ ಅಂಟಿಕೊಂಡು ಚಂಡೆಯ ಚರ್ಮದಂತೆ ಬಿಗಿದ ಒಂದು ಬಿಳಿಚು ಪೊರೆ. ಹಲ್ಲು ಹಲ್ಲಿನ ನಡುವಿನ ಸಂದಿಯೊಂದೇ ಹೊರದಾರಿ. ಕಡ್ಡಿಯನ್ನು ಬೆರಳಿನಿಂದ ತಟ್ಟಿದರೆ ಜರಡಿಯಿಂದ ಹಿಟ್ಟು ಇಳಿದಂತೆ ಬೀಜಾಣುಗಳು ಅಂಗೈಗೆ ಉದುರುತ್ತವೆ. ಒಮ್ಮೆಲೇ ಅಲ್ಲ, ಗಾಳಿ ಅಲುಗಿಸಿದಷ್ಟೇ.

ಎಲೆಯನ್ನೂ ನೋಡದೆ ಬಿಡಬಾರದು. ಒಂದು ಎಲೆಯನ್ನು ಬ್ಲೇಡಿನಿಂದ ಅಡ್ಡ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿಟ್ಟರೆ ಮೇಲ್ಮೈಯಲ್ಲಿ ಹಸಿರು ಗೋಡೆಗಳು ಪುಸ್ತಕದ ಹಾಳೆಗಳಂತೆ ಸಾಲಾಗಿ ನಿಂತಿರುತ್ತವೆ. ಎರಡು ಗೋಡೆಗಳ ನಡುವೆ ತೇವದ ಗಾಳಿ ಉಳಿಯುತ್ತದೆ. ಬಿಸಿಲು ಬೀಳುವ ಧರೆಯಲ್ಲೂ ಈ ಗಿಡ ಬದುಕುವುದಕ್ಕೆ ಅದೂ ಒಂದು ಕಾರಣ. ಪೊಗೊನೇಟಮ್‌ನ ಪ್ರಭೇದಗಳನ್ನು (ಸ್ಪೀಶೀಸ್) ಬೇರೆ ಮಾಡುವವರು ಆ ಗೋಡೆಯ ತುತ್ತತುದಿಯ ಕೋಶ ಗುಂಡಗಿದೆಯೋ, ಚಪ್ಪಟೆಯೋ, ನಡುವೆ ತಗ್ಗಿದೆಯೋ ಎಂದು ನೋಡುತ್ತಾರೆ. ಒಂದು ಕೋಶದ ಆಕಾರಕ್ಕೆ ಒಂದು ಹೆಸರು ನಿಂತಿರುತ್ತದೆ ಎಂದರೆ ಕೆಲವರಿಗೆ ನಗು ಬರಬಹುದು.

ಹಲ್ಲಿನಲ್ಲೂ ಎರಡು ಕುಲ. ಪೊಗೊನೇಟಮ್ ಮತ್ತು ಅದರ ನೆಂಟರಲ್ಲಿ ಒಂದೊಂದು ಹಲ್ಲೂ ಇಡೀ ಕೋಶಗಳಿಂದಾದದ್ದು, ಗಡುಸು, ಅಲುಗುವುದಿಲ್ಲ. ಉಳಿದ ಬಹುತೇಕ ಹಾವಸೆಗಳಲ್ಲಿ ಕೋಶಗಳು ಕರಗಿ ಹೋಗಿ ಅಕ್ಕಪಕ್ಕದ ಗೋಡೆಗಳ ಚೂರುಗಳಷ್ಟೇ ಹಲ್ಲಾಗಿ ಉಳಿಯುತ್ತವೆ. ಅದರ ಒಳಮುಖ, ಹೊರಮುಖ ನೀರು ಕುಡಿದು ಉಬ್ಬುವ ಪ್ರಮಾಣ ಒಂದೇ ಅಲ್ಲವಾದ್ದರಿಂದ ಗಾಳಿಯ ತೇವ ಬದಲಾದಂತೆ ಹಲ್ಲು ಬಾಗುತ್ತದೆ, ನಿಮಿರುತ್ತದೆ. ಸುಟ್ಟ ಮಣ್ಣಿನ ಮೇಲೆ ಬರುವ ಫ್ಯುನೇರಿಯ ಹೈಗ್ರೊಮೆಟ್ರಿಕ ಸಿಕ್ಕಿದರೆ ಮಾಗಿದ ಭರಣಿಯೊಂದನ್ನು ಮಸೂರದಡಿ ಹಿಡಿದು ಅದರ ಮೇಲೆ ಒಮ್ಮೆ ಬಾಯಿಯಿಂದ ಉಸಿರು ಬಿಡಿ. ಹಲ್ಲುಗಳು ಕಣ್ಣೆದುರೇ ಕದಲುತ್ತವೆ. ಹೆಸರಿನ ಎರಡನೆಯ ಭಾಗದ ಅರ್ಥವೂ ‘ತೇವ ಅಳೆಯುವುದು’ ಎಂದೇ.

ಈ ಬಾಗುವ ಹಲ್ಲಿನವರಲ್ಲಿ ಮತ್ತೆ ಒಳಭಾಗ. ಹದಿನಾರು ಹಲ್ಲಿನ ಒಂದೇ ಸುತ್ತು ಇರುವವು ಒಂದು ಕಡೆ, ಉದಾಹರಣೆಗೆ ಫಿಸಿಡೆನ್ಸ್. ಅದರ ಹಲ್ಲು ಕೆಂಪು, ಒಂದೊಂದೂ ತುದಿಯಲ್ಲಿ ಎರಡಾಗಿ ಸೀಳಿರುತ್ತದೆ. ಹೊರಗೊಂದು ಒಳಗೊಂದು ಎಂದು ಎರಡು ಸುತ್ತು ಇರುವವು ಇನ್ನೊಂದು ಕಡೆ. ಇವುಗಳಲ್ಲೂ ಫ್ಯುನೇರಿಯದಂತೆ ಒಳಹಲ್ಲು ಹೊರಹಲ್ಲಿಗೆ ನೇರ ಎದುರಾಗಿ ನಿಂತವು ಬೇರೆ, ಬ್ರಯಮ್‌ನಂತೆ ಹೊರಹಲ್ಲುಗಳ ಸಂದಿಗೆ ಸರಿಯಾಗಿ ಒಳಹಲ್ಲು ಕೂತವು ಬೇರೆ. ಅಡಿಕೆ ಮರದ ಬಿಳಿ ಮೆತ್ತೆಯ ಆಕ್ಟೋಬ್ಲೆಫಾರಮ್‌ಗೆ ಎಂಟೇ ಹಲ್ಲು. ‘ಎಂಟು ರೆಪ್ಪೆಗೂದಲಿನದು’ ಎಂಬುದೇ ಅದರ ಹೆಸರಿನ ಅರ್ಥ.

ಇದನ್ನು ಶಾಸ್ತ್ರವಾಗಿಸಿದವನು ಲೈಪ್ಜಿಗ್‌ನ ವೈದ್ಯ ಯೋಹಾನ್ ಹೆಡ್ವಿಗ್ (1730–1799). ಗಿಡಗಳಿಗೆ ಜೋಡಿಹೆಸರು ಇಡುವ ಕ್ರಮ ತಂದ ಸ್ವೀಡನ್ನಿನ ಲಿನೇಯಸ್ ಹಾವಸೆಯ ಭರಣಿಯನ್ನೇ ಹೂವಿನ ಪರಾಗಕೋಶವೆಂದು ತಿಳಿದಿದ್ದ. ಗಂಡು ಹೆಣ್ಣು ಅಂಗಗಳು ಇರುವುದು ಎಲೆಗಳ ನಡುವೆ, ಭರಣಿಯಲ್ಲಿರುವುದು ಬೀಜಾಣು ಎಂದು ಬಿಡಿಸಿ ತೋರಿಸಿದವನು ಹೆಡ್ವಿಗ್. ಅವನು ತೀರಿಕೊಂಡ ಮೇಲೆ 1801ರಲ್ಲಿ ಅವನ ಹಾವಸೆ ಗ್ರಂಥ ಹೊರಬಂತು. ಹಾಗಾಗಿ ಹೂಗಿಡಗಳ ಹೆಸರುಗಳ ಲೆಕ್ಕ ಲಿನೇಯಸ್‌ನ 1753ರಿಂದ ಶುರುವಾದರೆ ಹಾವಸೆಗಳ ಲೆಕ್ಕ 1801ರ ಜನವರಿ 1ರಿಂದ. ಒಂದೇ ಒಂದು ಹೊರತು ಸ್ಫ್ಯಾಗ್ನಮ್ ಕುಟುಂಬ. ಅದಕ್ಕೆ ಮಾತ್ರ 1753. ಹಾವಸೆಯ ಶಾಸ್ತ್ರೀಯ ಹೆಸರಿನ ಬಳಿಕ ‘ಹೆಡ್ವ್.’ ಎಂದು ಚಿಕ್ಕದಾಗಿ ಬರೆದಿರುವುದು ಅವನ ಗುರುತು. ಅದನ್ನು ಬಿಟ್ಟು ಮುದ್ರಿಸಿದರೆ ಪತ್ರಿಕೆಗೆ ತಪ್ಪೇನಿಲ್ಲ.

ಹಲ್ಲನ್ನೇ ನಂಬಿ ಕೂತರೆ ಮೋಸ ಹೋಗುವುದೂ ಉಂಟು. ಒದ್ದೆ ಗೋಡೆ, ಕಾಲುವೆಯ ಸಿಮೆಂಟಿನ ಮೇಲೆ ನಮ್ಮಲ್ಲಿ ಎಲ್ಲೆಲ್ಲೂ ಕಾಣುವ ಹಯೊಫಿಲ ಇನ್ವೊಲ್ಯೂಟ ನೋಡಿ. ಒಣಗಿದಾಗ ಎಲೆಯ ಎರಡೂ ಅಂಚು ಒಳಕ್ಕೆ ಸುರುಳಿ ಸುತ್ತಿ ಬೀಡಿಯಂತಾಗುತ್ತದೆ, ಒಂದು ಹನಿ ನೀರು ಬಿದ್ದರೆ ನೋಡನೋಡುತ್ತ ಬಿಚ್ಚಿ ನಕ್ಷತ್ರವಾಗುತ್ತದೆ. ಇದರ ಭರಣಿಗೆ ಹಲ್ಲೇ ಇಲ್ಲ. ಹಲ್ಲಿಲ್ಲದವನ್ನೆಲ್ಲ ಒಂದೇ ಗುಂಪಿಗೆ ದೂಡುವುದು ಹಿಂದಿನ ಕ್ರಮ. ಆದರೆ ಹಲ್ಲು ಎಷ್ಟೋ ಕುಟುಂಬಗಳಲ್ಲಿ ಬೇರೆ ಬೇರೆಯಾಗಿ, ಬೇರೆ ಬೇರೆ ಕಾಲದಲ್ಲಿ ಉದುರಿಹೋಗಿದೆ. ಅಜ್ಜಂದಿರಿಬ್ಬರ ಬಾಯಲ್ಲಿ ಹಲ್ಲಿಲ್ಲ ಎಂದ ಮಾತ್ರಕ್ಕೆ ಅವರು ಅಣ್ಣತಮ್ಮಂದಿರಾಗುತ್ತಾರೆಯೇ? ಹಯೊಫಿಲ ಪಾಟ್ಟಿಯೇಸಿ ಕುಟುಂಬದ್ದು ಎಂಬುದಕ್ಕೆ ಎಲೆಯ ಕೋಶಗಳು, ನಡುನರದ ಅಡ್ಡಕೊಯ್ತ, ಈಚೆಗೆ ಡಿಎನ್‌ಎ ಎಲ್ಲವೂ ಸಾಕ್ಷಿ ಹೇಳುತ್ತವೆ. ಪ್ರಯೋಗಶಾಲೆಗಳ ಪ್ರೀತಿಯ ಹಾವಸೆ ಫಿಸ್ಕೊಮಿಟ್ರೆಲ್ಲ ಪೇಟೆನ್ಸ್‌ಗೂ ಹೀಗೇ ಆಯಿತು. 2008ರಲ್ಲಿ ಇಡೀ ಜೀನೋಮ್ ಓದಿಸಿಕೊಂಡ ಮೊದಲ ಹಾವಸೆ ಅದು. ಹಲ್ಲಿಲ್ಲದ, ಮುಚ್ಚಳವೂ ತೆರೆಯದ ಭರಣಿಯ ಕಾರಣಕ್ಕೆ ಅದನ್ನು ಬೇರೆ ಜಾತಿಯಲ್ಲಿ (ಜೀನಸ್) ಇಟ್ಟಿದ್ದರು. ಡಿಎನ್‌ಎ ನೋಡಿದರೆ ಅದು ಫಿಸ್ಕೊಮಿಟ್ರಿಯಮ್ ಜಾತಿಯ ನಟ್ಟನಡುವೆ ಕೂತಿದೆ. ಹೆಸರು ಈಗ ಫಿಸ್ಕೊಮಿಟ್ರಿಯಮ್ ಪೇಟೆನ್ಸ್.

ಇವೆಲ್ಲಕ್ಕಿಂತ ವಿಚಿತ್ರ ಟಕಾಕಿಯದ ಕತೆ. ಬ್ರಿಟನ್ನಿನ ಸಸ್ಯಶಾಸ್ತ್ರಜ್ಞ ಹೂಕರ್ ಸಿಕ್ಕಿಂ ಹಿಮಾಲಯದಲ್ಲಿ ಸಂಗ್ರಹಿಸಿದ್ದ ಒಂದು ಗಿಡವನ್ನು 1861ರಲ್ಲಿ ಸಸ್ಯಶಾಸ್ತ್ರಜ್ಞ ಮಿಟ್ಟನ್ ಹಾವಸೆಯ ನೆಂಟಗುಂಪಿನ ಲಿವರ್‌ವರ್ಟ್ ಎಂದು ವರ್ಣಿಸಿದ. 1958ರಲ್ಲಿ ಜಪಾನಿನ ಹಟ್ಟೋರಿ ಮತ್ತು ಇನೋವೆ ಟಕಾಕಿಯ ಎಂಬ ಹೊಸ ಜಾತಿಯನ್ನೇ ಮಾಡಿದರು, ಆಗಲೂ ಲಿವರ್‌ವರ್ಟ್‌ಗಳ ಸಾಲಿನಲ್ಲೇ. ಭರಣಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅಲಾಸ್ಕಾದ ಅಲ್ಯೂಷಿಯನ್ ದ್ವೀಪಗಳಲ್ಲಿ ಭರಣಿ ಸಮೇತ ಗಿಡ ಸಿಕ್ಕಿ 1993ರಲ್ಲಿ ವರದಿಯಾದಾಗ ಅದು ಹಾವಸೆ ಎಂದು ಖಚಿತವಾಯಿತು. ಅದರ ಭರಣಿಗೆ ಮುಚ್ಚಳವಿಲ್ಲ, ಹಲ್ಲಿಲ್ಲ. ಒಂದೇ ಸೀಳು ಸುರುಳಿಯಾಗಿ ಬಿಚ್ಚಿಕೊಳ್ಳುತ್ತದೆ. ಈಗ ಅದಕ್ಕೊಂದು ಸ್ವಂತ ವರ್ಗ.

ಇಂದು ಬಹಳ ಮಂದಿ ಒಪ್ಪುವ ಪಟ್ಟಿಯಲ್ಲಿ ಹಾವಸೆಗಳಿಗೆ ಎಂಟು ವರ್ಗಗಳಿವೆ. ಸೀಳು ಸುರುಳಿಯ ಟಕಾಕಿಯ ಒಂದು. ಸಿಡಿದು ಮುಚ್ಚಳ ಹಾರಿಸುವ ಸ್ಫ್ಯಾಗ್ನಮ್ ಒಂದು. ಭರಣಿಯ ಮೈಯಲ್ಲಿ ನಾಲ್ಕು ಸೀಳು ಬಿಡುವ, ಬಂಡೆಯ ಮೇಲಿನ ಕಪ್ಪು ಆಂಡ್ರಿಯ ಒಂದು, ಅದರ ನೆಂಟ ಆಂಡ್ರಿಯೋಬ್ರಯಮ್ ಇನ್ನೊಂದು. ನಾಲ್ಕೇ ಹಲ್ಲಿನ ಟೆಟ್ರಾಫಿಸ್, ಹಲ್ಲಿಲ್ಲದ ಈಡಿಪೋಡಿಯಮ್, ಗಡುಸು ಹಲ್ಲಿನ ಪಾಲಿಟ್ರೈಕಮ್ ಬಳಗ, ಕೊನೆಗೆ ಬಾಗುವ ಹಲ್ಲಿನ ಬ್ರಯೋಪ್ಸಿಡ. ಜಗತ್ತಿನಲ್ಲಿ ಹಾವಸೆ ಪ್ರಭೇದಗಳು ಸುಮಾರು ಹನ್ನೆರಡು ಹದಿಮೂರು ಸಾವಿರ, ಅದರಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಈ ಕೊನೆಯ ವರ್ಗದ್ದೇ. ವಿಳಾಸ ಬರೆಯುವ ಕ್ರಮ ಪಹಣಿಯ ಹಾಗೆ, ದೊಡ್ಡದರಿಂದ ಚಿಕ್ಕದಕ್ಕೆ. ಧರೆಯ ಮೇಲಿನ ನಮ್ಮ ಗಿಡಕ್ಕೆ ವಿಭಾಗ ಬ್ರಯೋಫೈಟ, ವರ್ಗ ಪಾಲಿಟ್ರೈಕೊಪ್ಸಿಡ, ಗಣ ಪಾಲಿಟ್ರೈಕೇಲಿಸ್, ಕುಟುಂಬ ಪಾಲಿಟ್ರೈಕೇಸಿ, ಜಾತಿ ಪೊಗೊನೇಟಮ್, ಆಮೇಲೆ ಪ್ರಭೇದದ ಹೆಸರು. ಪತ್ರಿಕೆಗಳಲ್ಲಿ ಜಾತಿ, ಪ್ರಭೇದ ಎರಡನ್ನೂ ಒಂದರ ಬದಲಿಗೆ ಒಂದು ಬಳಸುವುದು ಕಾಣುತ್ತದೆ. ‘ಸಾವಿರ ಜಾತಿಯ ಹಾವಸೆ’ ಎಂದಾಗ ಬಹುತೇಕ ಸಲ ಹೇಳಬೇಕಿರುವುದು ಪ್ರಭೇದ.

ಪಿಯುಸಿಯ ಪುಸ್ತಕದ ಬಗ್ಗೆ ಒಂದು ಮಾತು. ಅದು ಹಾವಸೆ ಮತ್ತು ಅದರ ನೆಂಟರ ಇಡೀ ಬಳಗವನ್ನು ಲಿವರ್‌ವರ್ಟ್, ಮಾಸ್ ಎಂದು ಎರಡೇ ಪಾಲು ಮಾಡಿ ಮುಗಿಸುತ್ತದೆ. ಹಾರ್ನ್‌ವರ್ಟ್‌ಗಳು ಸ್ವತಂತ್ರವಾದ ಮೂರನೆಯ ವಿಭಾಗ ಎಂಬುದು ಈಗ ವಾದದ ವಿಷಯವಲ್ಲ. ಡಿಎನ್‌ಎ ಆಧಾರದ ಈಚಿನ ಅಧ್ಯಯನಗಳ ಪ್ರಕಾರ ಹಾವಸೆ ಮತ್ತು ಲಿವರ್‌ವರ್ಟ್ ಒಡಹುಟ್ಟಿದವು, ಹಾರ್ನ್‌ವರ್ಟ್ ಅವೆರಡಕ್ಕೂ ದಾಯಾದಿ. ಹೊರಗಿನ ಗುರುತೂ ಸುಲಭ. ಹಾವಸೆಯ ಎಲೆ ಕಾಂಡದ ಸುತ್ತ ಸುರುಳಿಯಾಗಿ ಜೋಡಣೆಯಾಗಿ ಬಹುಪಾಲು ನಡುನರ ಹೊಂದಿರುತ್ತದೆ. ಎಲೆಯಿರುವ ಲಿವರ್‌ವರ್ಟ್‌ನಲ್ಲಿ ಎಲೆ ಎರಡು ಅಥವಾ ಮೂರು ಸಾಲು, ನಡುನರವಿಲ್ಲ, ತುದಿ ಹೆಚ್ಚಾಗಿ ಸೀಳಿರುತ್ತದೆ. ಹಾವಸೆಯ ಕಡ್ಡಿ ಗಟ್ಟಿ, ಭರಣಿ ಮಾಗುವ ಮೊದಲೇ ಉದ್ದವಾಗುತ್ತದೆ, ತಿಂಗಳುಗಟ್ಟಲೆ ನಿಲ್ಲುತ್ತದೆ. ಲಿವರ್‌ವರ್ಟ್‌ನ ಕಡ್ಡಿ ಗಾಜಿನಂತೆ ಪಾರದರ್ಶಕ, ಭರಣಿ ಮಾಗಿದ ಮೇಲೆ ಒಮ್ಮೆಲೇ ಎದ್ದು ಬೇಗ ಬಾಡುತ್ತದೆ. ಹಾರ್ನ್‌ವರ್ಟ್‌ನಲ್ಲಿ ಕಡ್ಡಿಯೇ ಇಲ್ಲ, ಹಸಿರು ಕೊಂಬಿನಂಥ ಭರಣಿಯೊಂದು ಬುಡದಿಂದ ಬೆಳೆಯುತ್ತ ತುದಿಯಿಂದ ಎರಡಾಗಿ ಸೀಳುತ್ತದೆ. ಮಕ್ಕಳು ಮೋಸಹೋಗುವುದು ಫಿಸಿಡೆನ್ಸ್‌ನಲ್ಲಿ. ಅದು ಹಾವಸೆಯೇ ಆದರೂ ಎಲೆಗಳು ಎರಡೇ ಸಾಲಿನಲ್ಲಿ ಗರಿಯಂತೆ ಚಪ್ಪಟೆಯಾಗಿರುವುದರಿಂದ ಲಿವರ್‌ವರ್ಟ್ ಎಂದೋ ಮರಿ ಜರಿಗಿಡ ಎಂದೋ ಬರೆದುಬಿಡುತ್ತಾರೆ. ನಡುನರವೂ, ಎಲೆಯ ಬುಡದಲ್ಲಿ ಕಾಂಡವನ್ನು ಅಪ್ಪಿಹಿಡಿದ ಜೇಬಿನಂಥ ಮಡಿಕೆಯೂ ಕಂಡರೆ ಸಂಶಯ ಬೇಡ.

ಕಾಲೇಜಿನ ಮಕ್ಕಳಿಗೆ ಸಂಗ್ರಹದ ಕೆಲಸ ಕೊಡುವ ಅಧ್ಯಾಪಕರು ಗಮನಿಸಬೇಕಾದ್ದು ಇನ್ನೊಂದಿದೆ. ಹಾವಸೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ಎರಡೇ ದಿನದಲ್ಲಿ ಬೂಷ್ಟು. ಬಿಳಿ ಹಾಳೆಯನ್ನು ಮಡಚಿ ಮಾಡಿದ ಪೊಟ್ಟಣವೇ ಸರಿ. ಅರ್ಧ ಅಂಗೈಯಷ್ಟು ತುಂಡು ಸಾಕು, ಉಳಿದದ್ದು ಅಲ್ಲೇ ಇರಲಿ. ಆದರೆ ಆ ತುಂಡಿನಲ್ಲಿ ಭರಣಿಗಳು, ಅದರಲ್ಲೂ ಮುಚ್ಚಳ ಇರುವ ಒಂದೆರಡು, ಮುಚ್ಚಳ ಬಿದ್ದು ಹಲ್ಲು ಉಳಿದ ಒಂದೆರಡು ಇರಲೇಬೇಕು. ಭರಣಿ ಇಲ್ಲದ ಬ್ರಯಮ್ ತಂದರೆ ಪ್ರಭೇದ ಹೇಳುವುದು ಹೆಚ್ಚಿನ ಸಲ ಆಗದ ಮಾತು. ಪಾದಚಾರಿ ಹಾದಿಯ ಕಲ್ಲುಸಂದಿಯಲ್ಲಿ ಬೆಳ್ಳಿಯಂತೆ ಹೊಳೆಯುವ ಬ್ರಯಮ್ ಆರ್ಜೆಂಟಿಯಮ್ ಒಂದನ್ನು ಬಣ್ಣದಿಂದಲೇ ಹಿಡಿಯಬಹುದು. ಪೊಟ್ಟಣದ ಮೇಲೆ ಮರವೋ, ಬಂಡೆಯೋ, ಮಣ್ಣೋ, ನೆಲದಿಂದ ಎಷ್ಟು ಎತ್ತರ, ನೆರಳೋ ಬಿಸಿಲೋ, ಊರು, ದಿನಾಂಕ ಅಲ್ಲೇ ಪೆನ್ಸಿಲಿನಲ್ಲಿ ಬರೆಯಬೇಕು, ಮನೆಗೆ ಬಂದಮೇಲೆ ಅಲ್ಲ. ಹೂಗಿಡಗಳಂತೆ ಒತ್ತಿ ಚಪ್ಪಟೆ ಮಾಡುವುದು ಬೇಡ, ನೆರಳಲ್ಲಿ ಗಾಳಿಗೆ ಬಿಟ್ಟರೆ ಒಣಗುತ್ತದೆ. ಅರಣ್ಯದೊಳಗಿಂದ ತರುವುದಾದರೆ ಇಲಾಖೆಯ ಅನುಮತಿ ಮೊದಲು.

ನೋಡುವಾಗ ಒಣಗಿದ ರೂಪವನ್ನು ಮೊದಲು ಗುರುತು ಮಾಡಿಕೊಂಡು ಆಮೇಲೆ ನೀರು ಹಾಕಬೇಕು. ಹಯೊಫಿಲದ ಬೀಡಿ ಸುರುಳಿ ಒಮ್ಮೆ ಬಿಚ್ಚಿದರೆ ಗುರುತು ಹೋಯಿತು. ಬಿಸಿನೀರಿನಲ್ಲಿ ಕೆಲ ನಿಮಿಷ ನೆನೆದರೆ ವರ್ಷಗಟ್ಟಲೆ ಒಣಗಿದ್ದೂ ಎಲೆ ಅರಳಿಸುತ್ತದೆ. ಎರಡು ಚಿಮಟಗಳಿಂದ ಎಲೆಗಳನ್ನು ಬುಡದ ಕಡೆಗೆ ಎಳೆದು ಬಿಡಿಸಿಕೊಳ್ಳಬೇಕು, ಮೇಲಕ್ಕೆ ಎಳೆದರೆ ಎಲೆಬುಡ ಹರಿದು ಅಲ್ಲಿನ ಮೂಲೆಕೋಶಗಳು ಕಾಂಡದಲ್ಲೇ ಉಳಿಯುತ್ತವೆ. ಭರಣಿಯನ್ನು ಉದ್ದಕ್ಕೆ ಸೀಳಿ, ಒಂದು ಹೋಳು ಹೊರಮುಖ ಮೇಲಾಗಿ, ಇನ್ನೊಂದು ಒಳಮುಖ ಮೇಲಾಗಿ ಗಾಜುಪಟ್ಟಿಯಲ್ಲಿಟ್ಟರೆ ಎರಡೂ ಸುತ್ತಿನ ಹಲ್ಲು ಒಟ್ಟಿಗೆ ಸಿಗುತ್ತವೆ. ಗಾಳಿಗುಳ್ಳೆ ತುಂಬಿಕೊಂಡು ಏನೂ ಕಾಣದಿದ್ದರೆ ನೀರಿಗೆ ಚೂರು ಪಾತ್ರೆ ಸಾಬೂನು. ಒಂದು ಮೆತ್ತೆಯಲ್ಲಿ ಎರಡು ಮೂರು ಪ್ರಭೇದ ಹೆಣೆದುಕೊಂಡಿರುವುದೇ ಹೆಚ್ಚು. ಒಂದರ ಎಲೆ, ಇನ್ನೊಂದರ ಭರಣಿ ನೋಡಿ ಮೂರನೆಯದರ ಹೆಸರು ಬರೆಯುವುದು ಕಲಿಯುವವರ ಮಾಮೂಲಿ ಎಡವಟ್ಟು. ಕಡ್ಡಿ ಯಾವ ಕಾಂಡದಿಂದ ಎದ್ದಿದೆ ಎಂದು ಹಿಂಬಾಲಿಸಿ ಹೋಗಬೇಕು. ಕಾಂಡದ ತುದಿಯಿಂದ ಎದ್ದರೆ ಅದು ನೆಟ್ಟಗೆ ಮೆತ್ತೆಯಾಗಿ ಬೆಳೆಯುವ ಬಗೆ, ಪಕ್ಕದಿಂದ ಎದ್ದರೆ ಹರಡುವ, ಜೋಲುವ ಬಗೆ. ಆಗುಂಬೆಯ ಕೊಂಬೆಗಡ್ಡಗಳು ಹೆಚ್ಚಾಗಿ ಈ ಎರಡನೆಯವು. ಆ ಗಡ್ಡಗಳಲ್ಲಿ ಕೆಲವು ಕಲ್ಲುಹೂವಿನ ಬಳಗದ ಅಸ್ನಿಯ. ಎಳೆಯನ್ನು ಮೆಲ್ಲಗೆ ಜಗ್ಗಿದಾಗ ಹೊರಪದರ ಬಿರಿದು ಒಳಗೆ ಬಿಳಿ ದಾರ ಕಂಡರೆ ಅಸ್ನಿಯ, ಎಲೆ ಕಂಡರೆ ಹಾವಸೆ.

ನರ್ಸರಿಗಳಲ್ಲಂತೂ ಹೆಸರಿನ ಗೊಂದಲಕ್ಕೆ ದುಡ್ಡು ತೆರಬೇಕು. ‘ಮಾಸ್ ಸ್ಟಿಕ್’ ಎಂದು ಮನಿಪ್ಲಾಂಟಿಗೆ ಮಾರುವುದು ಹೆಚ್ಚಾಗಿ ತೆಂಗಿನ ನಾರು ಸುತ್ತಿದ ಕೋಲು. ಕೆಟ್ಟದ್ದೇನಲ್ಲ, ಆದರೆ ಅದರಲ್ಲಿ ಮಾಸ್ ಇಲ್ಲ. ಕೊಕೊಪೀಟ್ ತೆಂಗಿನ ಸಿಪ್ಪೆಯ ಪುಡಿ. ಪೀಟ್ ಮಾಸ್ ಜೌಗಿನಲ್ಲಿ ಸಾವಿರಾರು ವರ್ಷ ಕೊಳೆತು ಶೇಖರವಾದ ಹಾವಸೆ, ಹುಳಿ ಗುಣದ್ದು. ಆರ್ಕಿಡ್‌ಗೆ ಬೇಕಾದ ಸ್ಫ್ಯಾಗ್ನಮ್ ಉದ್ದ ಎಳೆಯ, ಬಿಳಿಚು ಒಣ ಗಿಡ. ಅದರ ಎಲೆಯಲ್ಲಿ ಸಪೂರ ಹಸಿರು ಕೋಶಗಳ ಬಲೆ, ಬಲೆಯ ಕಣ್ಣುಗಳಲ್ಲಿ ತೂತುಬಿದ್ದ ದೊಡ್ಡ ಸತ್ತ ಕೋಶಗಳು. ಒಣ ತೂಕದ ಇಪ್ಪತ್ತು ಪಟ್ಟಿನವರೆಗೆ ನೀರು ಹಿಡಿಯುವುದು ಆ ಸತ್ತ ಕೋಶಗಳು. ಅದರ ಬದಲಿಗೆ ಹಿಮಾಲಯದ ಕಾಡಿನಿಂದ ಕಿತ್ತು ತಂದ ಬೇರೆ ಹಾವಸೆಯ ಚಾಪೆಯನ್ನು ಅದೇ ಹೆಸರಿನಲ್ಲಿ ಕೊಟ್ಟರೆ ಬೇರು ಒಣಗುತ್ತದೆ. ಕೊಳ್ಳುವ ಮುನ್ನ ಒಂದು ಎಳೆ ನೆನೆಸಿ ಮಸೂರದಲ್ಲಿ ನೋಡಬಹುದು. ಸ್ಫ್ಯಾಗ್ನಮ್ ಆದರೆ ಕೊಂಬೆಗಳು ಒಂದೊಂದು ಗಿಣ್ಣಿನಲ್ಲಿ ಗೊಂಚಲಾಗಿ ಹೊರಡುತ್ತವೆ, ತುದಿಯಲ್ಲಿ ಎಲ್ಲ ಒತ್ತಾಗಿ ಕುಚ್ಚು ಕಟ್ಟಿರುತ್ತದೆ.

ಇಂಗ್ಲಿಷಿನಿಂದ ಅನುವಾದಿಸುವ ಸಹೋದ್ಯೋಗಿಗಳಿಗೆ ನಾಲ್ಕು ಗುಂಡಿಗಳಿವೆ. ಸ್ಪ್ಯಾನಿಷ್ ಮಾಸ್ ಅನಾನಸಿನ ನೆಂಟ, ಹೂ ಬಿಡುವ ಗಿಡ. ರೇನ್‌ಡೀರ್ ಮಾಸ್ ಹಿಮಸಾರಂಗ ಮೇಯುವ ಕಲ್ಲುಹೂವು. ಕ್ಲಬ್ ಮಾಸ್ ನೀರು ಸಾಗಿಸುವ ನಾಳಗಳಿರುವ, ಜರಿಗಿಡಗಳ ಪಕ್ಕದ ಗುಂಪು. ಐರಿಷ್ ಮಾಸ್ ಸಮುದ್ರದ ಕೆಂಪು ಶೈವಲ, ಆದ್ದರಿಂದ ಅದನ್ನು ಪಾಚಿ ಎಂದರೆ ಮೂಲಕ್ಕಿಂತ ಕನ್ನಡವೇ ಹೆಚ್ಚು ಸರಿ. ಹಾಗೆಯೇ ‘ಕಾಡಿನಲ್ಲಿ ದಾರಿ ತಪ್ಪಿದರೆ ಪಾಚಿ ಇರುವ ಕಡೆ ಉತ್ತರ’ ಎಂಬ ಚಾರಣ ಸಲಹೆಯನ್ನು ದಯವಿಟ್ಟು ಕೈಬಿಡಿ. ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ಇರುವ ದೂರದ ಉತ್ತರ ದೇಶಗಳ ಮಾತು ಅದು. ಶಿವಮೊಗ್ಗ, ಕೊಡಗಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆ. ಮಳೆ ಬಡಿಯುವುದು ನೈಋತ್ಯದಿಂದ. ಹಾವಸೆ ಕೂರುವುದು ನೀರು ಇಳಿಯುವ ಬದಿಗೆ. ಓರೆ ಮರದಲ್ಲಿ ಅದು ಯಾವ ದಿಕ್ಕಾದರೂ ಆಗಬಹುದು.

ಪತ್ರಿಕೆಯ ಛಾಯಾಗ್ರಾಹಕರು ಇಡೀ ಗೋಡೆಯ ಚಿತ್ರದ ಜೊತೆಗೆ ಭರಣಿ ಕಾಣುವ ಒಂದು ಹತ್ತಿರದ ಚಿತ್ರ, ಪಕ್ಕದಲ್ಲೊಂದು ರೂಪಾಯಿ ನಾಣ್ಯ ಇಟ್ಟು ತೆಗೆದರೆ ಜಾತಿಯ ಮಟ್ಟಿಗಾದರೂ ಹೆಸರು ಹೇಳಬಹುದು. ಚಿತ್ರದಲ್ಲಿ ಎಲೆ ಕಾಣಿಸಿದರೆ ಅಡಿಬರಹಕ್ಕೆ ‘ಹಾವಸೆ’ ಎಂದೇ ಹಾಕಿ. ಎಲೆ ಕಾಣದೆ ಬರೀ ಹಸಿರೋ ಕಪ್ಪೋ ಬಳಿದಂತಿದ್ದರೆ ‘ಪಾಚಿ’ ಇರಲಿ.

ಇಂತಿ,
ಸಸ್ಯಶಾಸ್ತ್ರ ಕಲಿಸುವ ಇಬ್ಬರು,
ಶಿವಮೊಗ್ಗ ಜಿಲ್ಲೆ